ಮೌಲ್ಯವರ್ಧಿತ ತೆರಿಗೆ ಮತ್ತು ತೆರಿಗೆ ರಿಯಾಯಿತಿ: ಆರ್ಥಿಕತೆಯ ಮೇಲಿನ ಪರಿಣಾಮ

ಸರಕಾಗಲಿ ಸೇವೆಯಾಗಲಿ ಕೈಯಿಂದ ಕೈಗೆ ದಾಟುವ ಪ್ರತಿ ಹಂತದಲ್ಲೂ ಆ ಹಂತದಲ್ಲಿ ಹೊಸದಾಗಿ ಸೇರಿದ ಮೌಲ್ಯದ ಮೇಲೆ ಮಾತ್ರ ಬೀಳುವ ತೆರಿಗೆಯೇ ಮೌಲ್ಯವರ್ಧಿತ ತೆರಿಗೆ. ವರ್ತಕರ ಬಾಯಲ್ಲಿ ವ್ಯಾಟ್. ಇಂದು ಭಾರತದಲ್ಲಿ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ಇದೇ ಜಾತಿಯದು. ತೆರಿಗೆ ರಿಯಾಯಿತಿ ಇದಕ್ಕೆ ಎದುರು ದಿಕ್ಕಿನಿಂದ ಬರುವ ಸಂಗತಿ. ಒಂದು ಉದ್ಯಮ ಬೆಳೆಯಲಿ, ಒಂದು ಹಿಂದುಳಿದ ಜಿಲ್ಲೆಗೆ ಕಾರ್ಖಾನೆ ಬರಲಿ, ಬಡವರ ಪದಾರ್ಥ ಅಗ್ಗವಾಗಲಿ ಎಂಬ ಉದ್ದೇಶದಿಂದ ಸರ್ಕಾರ ತನಗೆ ಬರಬೇಕಾದ ತೆರಿಗೆಯನ್ನು ಪೂರ್ತಿಯಾಗಿಯೋ ಭಾಗಶಃವೋ ಬಿಟ್ಟುಕೊಡುತ್ತದೆ. ವಸೂಲಿಯ ಮಾತನ್ನೂ ಬಿಟ್ಟುಕೊಡುವ ಮಾತನ್ನೂ ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವುದೇ ರೂಢಿ. ಒಟ್ಟಿಗೆ ಇಟ್ಟು ನೋಡಿದರೆ ಒಂದು ತೊಡಕು ಕಣ್ಣಿಗೆ ಬೀಳುತ್ತದೆ. ವ್ಯಾಟ್‌ನ ಬಲವೆಲ್ಲ ಹಂತಕ್ಕೆ ಹಂತ ಬೆಸೆಯುವ ಅದರ ಸರಪಳಿಯಲ್ಲಿದೆ. ವಿನಾಯಿತಿ ಆ ಸರಪಳಿಯ ಕೊಂಡಿಯನ್ನೇ ಕಳಚುತ್ತದೆ. ಆದ್ದರಿಂದ ಉದ್ಯಮಕ್ಕಾಗಲಿ ಬಡವರಿಗಾಗಲಿ ನೆರವಾಗಬಯಸುವ ಸರ್ಕಾರ ಆ ನೆರವನ್ನು ತೆರಿಗೆ ಕಾನೂನಿನೊಳಗೆ ಬಚ್ಚಿಡದೆ, ಬಜೆಟ್ಟಿನ ಖರ್ಚಾಗಿ ಎಲ್ಲರಿಗೂ ಕಾಣುವಂತೆ ಕೊಡುವುದು ಲೇಸು ಎಂಬುದು ಇಲ್ಲಿನ ವಾದ. ಭಾರತದ ಕಳೆದ ನಾಲ್ಕು ದಶಕಗಳ ಅನುಭವವೇ ಇದಕ್ಕೆ ಮುಖ್ಯ ಆಧಾರ.

ವ್ಯಾಟ್ ಬರುವ ಮುಂಚೆ ಯುರೋಪಿನ ಬಹುಪಾಲು ದೇಶಗಳಲ್ಲಿದ್ದದ್ದು ವಹಿವಾಟು ತೆರಿಗೆ. ನೂಲು ಮಾರಿದಾಗ ಒಮ್ಮೆ, ಬಟ್ಟೆ ಮಾರಿದಾಗ ಮತ್ತೊಮ್ಮೆ, ಅಂಗಿ ಮಾರಿದಾಗ ಮಗದೊಮ್ಮೆ ಪೂರ್ತಿ ಬೆಲೆಯ ಮೇಲೆ ತೆರಿಗೆ ಬೀಳುತ್ತಿತ್ತು. ತೆರಿಗೆಯ ಮೇಲೆ ತೆರಿಗೆ ಕೂತು ಬೆಲೆ ಏರುತ್ತಿದ್ದುದು ಒಂದು ಕೆಡುಕು. ಅದಕ್ಕಿಂತ ದೊಡ್ಡ ಕೆಡುಕು ಇನ್ನೊಂದಿತ್ತು: ನೂಲುವುದು, ನೇಯುವುದು, ಹೊಲಿಯುವುದು ಮೂರನ್ನೂ ಒಂದೇ ಸೂರಿನಡಿ ಮಾಡುವ ದೊಡ್ಡ ಕಂಪನಿ ಒಂದೇ ಸಲ ತೆರಿಗೆ ಕಟ್ಟಿದರೆ, ಅದೇ ಕೆಲಸವನ್ನು ಹಂಚಿಕೊಂಡು ಮಾಡುವ ಮೂರು ಸಣ್ಣ ಘಟಕಗಳು ಮೂರು ಸಲ ಕಟ್ಟಬೇಕಾಗಿತ್ತು. ಯಾರು ಚೆನ್ನಾಗಿ ನೇಯುತ್ತಾರೆ ಎಂಬುದಕ್ಕಿಂತ ಯಾರು ಎಲ್ಲವನ್ನೂ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ ಎಂಬುದು ಮುಖ್ಯವಾಗುತ್ತಿತ್ತು. ಈ ಗಂಟನ್ನು ಬಿಡಿಸಿದವರು ಫ್ರಾನ್ಸಿನ ತೆರಿಗೆ ಅಧಿಕಾರಿ ಮೊರಿಸ್ ಲೊರೆ. ಅವರು ರೂಪಿಸಿದ ತೆರಿಗೆ 1954ರಲ್ಲಿ ಅಲ್ಲಿ ಜಾರಿಗೆ ಬಂತು. 1967ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ತನ್ನ ಸದಸ್ಯ ದೇಶಗಳೆಲ್ಲ ಇದಕ್ಕೆ ಬದಲಾಗಬೇಕೆಂದು ನಿರ್ದೇಶಿಸಿತು. ಇಂದು 170ಕ್ಕೂ ಹೆಚ್ಚು ದೇಶಗಳಲ್ಲಿ ಇದು ಒಂದಲ್ಲ ಒಂದು ಹೆಸರಿನಲ್ಲಿದೆ. ದೊಡ್ಡ ಶ್ರೀಮಂತ ರಾಷ್ಟ್ರಗಳ ಪೈಕಿ ಅಮೆರಿಕ ಮಾತ್ರ ಇನ್ನೂ ಹೊರಗುಳಿದಿದೆ. ಭಾರತದಲ್ಲಿ ಎಲ್.ಕೆ. ಝಾ ಸಮಿತಿ 1978ರಲ್ಲಿ ತಯಾರಿಕೆಯ ಹಂತಕ್ಕೆ ಸೀಮಿತವಾದ ವ್ಯಾಟ್ ಬೇಕೆಂದು ಹೇಳಿತ್ತು. ಹಣಕಾಸು ಸಚಿವ ವಿ.ಪಿ. ಸಿಂಗ್ 1986ರಲ್ಲಿ ‘ಮಾಡ್‌ವ್ಯಾಟ್’ ಹೆಸರಿನಲ್ಲಿ ಕೇಂದ್ರ ಅಬಕಾರಿ ಸುಂಕಕ್ಕೆ ಅದನ್ನು ಅಳವಡಿಸಿದರು.

ಇದರ ಒಳಗುಟ್ಟು ಒಂದು ಕಬ್ಬಿಣದ ಬೀರುವಿನ ಲೆಕ್ಕದಿಂದ ತಿಳಿಯುತ್ತದೆ. ತೆರಿಗೆ ದರ ಶೇ 10 ಎಂದಿಟ್ಟುಕೊಳ್ಳೋಣ. ತಗಡಿನ ಗಿರಣಿ 1,000 ರೂಪಾಯಿಯ ತಗಡನ್ನು 100 ರೂಪಾಯಿ ತೆರಿಗೆ ಸೇರಿಸಿ ಮಾರುತ್ತದೆ. ಬೀರು ತಯಾರಕ 800 ರೂಪಾಯಿಯಷ್ಟು ಮೌಲ್ಯ ಕೂಡಿಸಿ 1,800ಕ್ಕೆ ಮಾರುತ್ತಾನೆ, 180 ತೆರಿಗೆ ಪಡೆಯುತ್ತಾನೆ, ತಾನು ತಗಡಿಗೆ ಕೊಟ್ಟ 100ನ್ನು ಕಳೆದು 80 ಮಾತ್ರ ಸರ್ಕಾರಕ್ಕೆ ಕಟ್ಟುತ್ತಾನೆ. ಹೀಗೆ ಕಳೆಯುವ ಹಕ್ಕಿಗೆ ಹೂಡುವಳಿ ತೆರಿಗೆ ಜಮೆ ಎಂದು ಹೆಸರು. ಪೇಟೆಯಲ್ಲಿ ಅದನ್ನು ‘ಇನ್‌ಪುಟ್’ ಎಂದಷ್ಟೇ ಕರೆಯುತ್ತಾರೆ. ಅಂಗಡಿಯವನು 500 ಸೇರಿಸಿ 2,300ಕ್ಕೆ ಮಾರಿ, 230 ಪಡೆದು, 50 ಕಟ್ಟುತ್ತಾನೆ. ಗ್ರಾಹಕ ಕೊಟ್ಟದ್ದು 2,530. ಸರ್ಕಾರಕ್ಕೆ ಬಂದದ್ದು 230, ಅಂತಿಮ ಬೆಲೆಯ ಸರಿಯಾಗಿ ಶೇ 10. ಈಗ ಸಣ್ಣ ಉದ್ಯಮಕ್ಕೆ ನೆರವಾಗಲೆಂದು ಬೀರು ತಯಾರಕನಿಗೆ ವಿನಾಯಿತಿ ಕೊಟ್ಟರು ಎನ್ನೋಣ. ಅವನು ತೆರಿಗೆ ಹಾಕುವಂತಿಲ್ಲ, ಹಾಗೆಯೇ ತಗಡಿಗೆ ಕೊಟ್ಟ ನೂರನ್ನು ಕಳೆಯುವಂತೆಯೂ ಇಲ್ಲ. ಆ ನೂರು ಅವನ ಖರ್ಚಿಗೆ ಸೇರಿ ಬೆಲೆ 1,900 ಆಗುತ್ತದೆ. ಅಂಗಡಿಯವನ ಬೆಲೆ 2,400, ಅದರ ಮೇಲೆ 240 ತೆರಿಗೆ, ಕಳೆಯಲು ಏನೂ ಇಲ್ಲ. ಗ್ರಾಹಕ 2,640 ಕೊಡುತ್ತಾನೆ, ಸರ್ಕಾರಕ್ಕೆ 340 ಬರುತ್ತದೆ. ವಿನಾಯಿತಿಯಿಂದ ತೆರಿಗೆಯೂ ಹೆಚ್ಚಿತು, ಬೆಲೆಯೂ ಹೆಚ್ಚಿತು! ಸರಪಳಿಯ ನಡುವೆ ಕೊಟ್ಟ ವಿನಾಯಿತಿ ಹಳೆಯ ವಹಿವಾಟು ತೆರಿಗೆಯನ್ನೇ ಹಿಂಬಾಗಿಲಿನಿಂದ ಕರೆತರುತ್ತದೆ. ಕಟ್ಟಕಡೆಯ ಹಂತದಲ್ಲಿ ವಿನಾಯಿತಿ ಕೊಟ್ಟಾಗ ಗ್ರಾಹಕನಿಗೆ ಅಲ್ಪಸ್ವಲ್ಪ ಲಾಭವಾಗುವುದುಂಟು, ಹಿಂದಿನ ಹಂತಗಳ ತೆರಿಗೆ ಮಾತ್ರ ಬೆಲೆಯೊಳಗೆ ಅಡಗಿಯೇ ಇರುತ್ತದೆ. ಸೊನ್ನೆ ದರ ಎಂಬುದು ಇದರಿಂದ ಬೇರೆ: ಅಲ್ಲಿ ಮಾರಾಟದ ಮೇಲೂ ತೆರಿಗೆಯಿಲ್ಲ, ಕೊಂಡಾಗ ಕೊಟ್ಟ ತೆರಿಗೆಯೂ ವಾಪಸು ಬರುತ್ತದೆ. ರಫ್ತಿಗೆ ಸಿಗುವುದು ಈ ಸೌಲಭ್ಯ.

ಸರಪಳಿಯಿಂದ ಇನ್ನೊಂದು ಉಪಕಾರವಿದೆ, ಕಾವಲು. ಕೊಳ್ಳುವವನಿಗೆ ಜಮೆ ಬೇಕು, ಆದ್ದರಿಂದ ಮಾರುವವನನ್ನು ಬಿಲ್ ಕೇಳುತ್ತಾನೆ. ಆ ಬಿಲ್ಲೇ ಮಾರಿದವನ ವಹಿವಾಟಿಗೆ ಸಾಕ್ಷಿ. ಇದು ಬರಿಯ ತರ್ಕವಲ್ಲ. ಚಿಲಿ ದೇಶದಲ್ಲಿ ಅರ್ಥಶಾಸ್ತ್ರಜ್ಞೆ ದೀನಾ ಪೊಮೆರಾನ್ಜ್ ನಾಲ್ಕು ಲಕ್ಷಕ್ಕೂ ಹೆಚ್ಚು ಸಂಸ್ಥೆಗಳನ್ನು ಒಳಗೊಂಡ ಪ್ರಯೋಗ ನಡೆಸಿ, ಅದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ತಪಾಸಣೆಯ ಎಚ್ಚರಿಕೆಯ ಪತ್ರ ಬಂದಾಗ ಗ್ರಾಹಕರಿಗೆ ನೇರವಾಗಿ ಮಾರುವ ಹಂತದಲ್ಲಿ ತೆರಿಗೆ ಪಾವತಿ ಏರಿತು. ಸಂಸ್ಥೆ ಸಂಸ್ಥೆಗಳ ನಡುವಿನ ವ್ಯವಹಾರದಲ್ಲಿ ಅಷ್ಟು ಏರಲಿಲ್ಲ. ಅಲ್ಲಿ ಕಾಗದದ ಜಾಡು ಮೊದಲೇ ತನ್ನ ಕೆಲಸ ಮಾಡುತ್ತಿತ್ತು, ಎಚ್ಚರಿಕೆಗೆ ಉಳಿದದ್ದು ಕಡಿಮೆ. ಕಳ್ಳರೂ ಸರಪಳಿಯನ್ನು ಬಲ್ಲರು ಎಂಬುದು ಬೇರೆ ಮಾತು. ಸರಕೇ ಇಲ್ಲದೆ ಬಿಲ್ ಮಾತ್ರ ಮಾರುವ ದಂಧೆ ವ್ಯಾಟ್ ಇರುವಲ್ಲೆಲ್ಲ ಹುಟ್ಟಿಕೊಂಡಿದೆ. ಬೋಗಸ್ ಬಿಲ್ ತೋರಿಸಿ ಜಮೆ ಪಡೆದ ಪ್ರಕರಣಗಳು ಜಿಎಸ್‌ಟಿ ಬಂದ ಮೇಲೂ ನಿಂತಿಲ್ಲ. ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆ ವ್ಯಾಟ್ ಕಾಲದಲ್ಲೇ ‘ಇ-ಸುಗಮ’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಸರಕು ಸಾಗಣೆಯ ಜಾಡು ಹಿಡಿಯತೊಡಗಿತ್ತು. ದೇಶಕ್ಕೆಲ್ಲ ಬಂದ ಇ-ವೇ ಬಿಲ್‌ನ ಹಿಂದೆ ಇಂಥ ರಾಜ್ಯಗಳ ಅನುಭವವಿದೆ. ಆದರೂ ಮೂಲ ಸೂತ್ರ ಬದಲಾಗದು: ಕೊಂಡಿ ಎಲ್ಲಿ ಕಳಚಿದೆಯೋ ಅಲ್ಲಿ ಬಿಲ್ ಕೇಳುವವರಿಲ್ಲ, ಬಿಲ್ ಇಲ್ಲದ ಕಡೆ ಇಲಾಖೆಗೆ ಕಣ್ಣಿಲ್ಲ.

ಹಳೆಯ ಮಾರಾಟ ತೆರಿಗೆಯ ಕಾಲದಲ್ಲಿ ರಾಜ್ಯಗಳು ರಿಯಾಯಿತಿಯನ್ನು ಹೇಗೆ ಬಳಸಿದವು ಎಂಬುದು ಪಾಠವಾಗಬಲ್ಲ ಕಥೆ. 1991ರಲ್ಲಿ ಪರವಾನಗಿ ರಾಜ್ ಸಡಿಲಗೊಂಡ ಮೇಲೆ ಬಂಡವಾಳ ತನಗೆ ಬೇಕಾದ ಕಡೆ ಹೋಗುವಂತಾಯಿತು. ಅದನ್ನು ಸೆಳೆಯಲು ರಾಜ್ಯಗಳ ನಡುವೆ ಪೈಪೋಟಿ ಶುರುವಾಯಿತು. ಒಂದು ರಾಜ್ಯ ಮಾರಾಟ ತೆರಿಗೆಯನ್ನು ಇಷ್ಟು ವರ್ಷ ಮನ್ನಾ ಮಾಡುತ್ತೇನೆಂದರೆ ಪಕ್ಕದ ರಾಜ್ಯ ಅದಕ್ಕಿಂತ ಹೆಚ್ಚು ವರ್ಷ ಎನ್ನುತ್ತಿತ್ತು. ಒಂದು ಕಡೆ ವಾಹನಕ್ಕೆ ದರ ಇಳಿದರೆ ಖರೀದಿದಾರರು ಗಡಿ ದಾಟಿ ಹೋಗಿ ಕೊಳ್ಳುತ್ತಿದ್ದರು. ಎಲ್ಲರೂ ಕೊಟ್ಟಾಗ ರಿಯಾಯಿತಿಗೆ ಸೆಳೆಯುವ ಶಕ್ತಿ ಉಳಿಯುವುದಿಲ್ಲ, ಬೊಕ್ಕಸದ ತೂತು ಮಾತ್ರ ಉಳಿಯುತ್ತದೆ. ಕೊನೆಗೆ 1999ರ ನವೆಂಬರ್‌ನಲ್ಲಿ ಹಣಕಾಸು ಸಚಿವ ಯಶವಂತ ಸಿನ್ಹಾ ಕರೆದ ಮುಖ್ಯಮಂತ್ರಿಗಳ ಸಭೆ ಕದನ ವಿರಾಮಕ್ಕೆ ಒಪ್ಪಿತು: 2000ದ ಜನವರಿ 1ರಿಂದ ಎಲ್ಲ ರಾಜ್ಯಗಳಲ್ಲೂ ಕನಿಷ್ಠ ದರ, ಮಾರಾಟ ತೆರಿಗೆಯ ಮೂಲಕ ಕೊಡುವ ಕೈಗಾರಿಕಾ ರಿಯಾಯಿತಿಗಳಿಗೆ ಕೊನೆ. ಪಶ್ಚಿಮ ಬಂಗಾಳದ ಹಣಕಾಸು ಸಚಿವ ಅಸೀಮ್ ದಾಸ್‌ಗುಪ್ತಾ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ರಾಜ್ಯಮಟ್ಟದ ವ್ಯಾಟ್‌ಗೆ ನೆಲ ಹದ ಮಾಡಿತು. ಹರಿಯಾಣ 2003ರಲ್ಲೇ ಮುಂದೆ ಹೆಜ್ಜೆಯಿಟ್ಟಿತು. ಕರ್ನಾಟಕವೂ ಸೇರಿ ಬಹುಪಾಲು ರಾಜ್ಯಗಳು 2005ರ ಏಪ್ರಿಲ್ 1ರಂದು ಸೇರಿಕೊಂಡವು. ಉತ್ತರ ಪ್ರದೇಶ ಎಲ್ಲರಿಗಿಂತ ಕೊನೆಗೆ, 2008ರ ಜನವರಿಯಲ್ಲಿ ಬಂತು. ವರಮಾನ ಕುಸಿದರೆ ಮೊದಲ ವರ್ಷ ಪೂರ್ತಿ, ಎರಡನೆಯ ವರ್ಷ ಶೇ 75, ಮೂರನೆಯ ವರ್ಷ ಶೇ 50ರಷ್ಟು ನಷ್ಟವನ್ನು ತುಂಬಿಕೊಡುವುದಾಗಿ ಕೇಂದ್ರ ಮಾತು ಕೊಟ್ಟಿದ್ದರಿಂದಲೇ ರಾಜ್ಯಗಳು ಧೈರ್ಯ ಮಾಡಿದವು.

2017ರ ಜುಲೈ 1ರಂದು ಬಂದ ಜಿಎಸ್‌ಟಿ ಈ ಪೈಪೋಟಿಯ ಬೇರನ್ನೇ ಸಡಿಲಿಸಿತು. ಆ ತನಕ ಅಂತರರಾಜ್ಯ ಮಾರಾಟದ ಮೇಲಿನ ಕೇಂದ್ರ ಮಾರಾಟ ತೆರಿಗೆಯ ರೂಪದಲ್ಲಿ ತಯಾರಿಸುವ ರಾಜ್ಯಕ್ಕೂ ಪಾಲು ಸಿಗುತ್ತಿತ್ತು. ಜಿಎಸ್‌ಟಿ ಬಳಕೆಯ ಜಾಗಕ್ಕೆ ಸೇರುವ ತೆರಿಗೆ. ಬಿಡದಿಯಲ್ಲಿ ತಯಾರಾದ ಕಾರು ಪಾಟ್ನಾದಲ್ಲಿ ಮಾರಾಟವಾದರೆ ರಾಜ್ಯದ ಪಾಲು ಬಿಹಾರಕ್ಕೆ ಹೋಗುತ್ತದೆ, ಕರ್ನಾಟಕಕ್ಕಲ್ಲ. ತನಗೆ ಬಾರದ ತೆರಿಗೆಯನ್ನು ಬಿಟ್ಟುಕೊಡಲು ಕರ್ನಾಟಕಕ್ಕೆ ಸಾಧ್ಯವಿಲ್ಲ. ಇದರ ಪರಿಣಾಮವಾಗಿ ರಾಜ್ಯಗಳ ಕೈಗಾರಿಕಾ ನೀತಿಯ ಭಾಷೆಯೇ ಬದಲಾಯಿತು. ಕರ್ನಾಟಕದ 2025–30ರ ಕೈಗಾರಿಕಾ ನೀತಿ ಉದ್ಯಮಿಗಳ ಮುಂದಿಟ್ಟಿರುವುದು ಬಂಡವಾಳ ಸಹಾಯಧನ ಅಥವಾ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಎಂಬ ಆಯ್ಕೆಯನ್ನು. ಎರಡೂ ಬೊಕ್ಕಸದಿಂದ ಎಣಿಸಿ ಕೊಡುವ ಹಣ. ತಯಾರಕ ರಾಜ್ಯಗಳು ಇದರಿಂದ ಕಳೆದುಕೊಂಡದ್ದೂ ಉಂಟು. ಅವುಗಳ ಅಂಜಿಕೆ ನೀಗಿಸಲು 2015–16ರ ವರಮಾನವನ್ನು ಆಧಾರವಾಗಿಟ್ಟು, ವರ್ಷಕ್ಕೆ ಶೇ 14ರ ಬೆಳವಣಿಗೆಯ ಲೆಕ್ಕದಲ್ಲಿ ಐದು ವರ್ಷ ಪರಿಹಾರ ಕೊಡುವ ಕಾನೂನು ಬಂತು. ಅದು 2022ರ ಜೂನ್‌ಗೆ ಮುಗಿಯಿತು. ಆ ಮೇಲೆ ಕರ್ನಾಟಕದಂಥ ರಾಜ್ಯಗಳ ದೂರು ಜೋರಾದದ್ದು ಸಹಜವೇ.

ಜಿಎಸ್‌ಟಿಯೊಳಗೂ ವಿನಾಯಿತಿಯ ಮೋಹ ಹೋಗಿಲ್ಲ. ಸ್ಯಾನಿಟರಿ ನ್ಯಾಪ್‌ಕಿನ್ ಮೇಲೆ ಶೇ 12 ತೆರಿಗೆಯಿತ್ತು; ದೇಶದಾದ್ಯಂತ ನಡೆದ ಚಳವಳಿಯ ನಂತರ 2018ರ ಜುಲೈನಲ್ಲಿ ಪೂರ್ತಿ ವಿನಾಯಿತಿ ಕೊಟ್ಟರು. ಬೇಡಿಕೆಯ ಹಿಂದಿನ ನ್ಯಾಯ ನಿರ್ವಿವಾದ. ಆದರೆ ವಿನಾಯಿತಿ ಬಂದೊಡನೆ ದೇಶದ ತಯಾರಕರಿಗೆ ಕಚ್ಚಾ ವಸ್ತುಗಳ ಮೇಲೆ ಕೊಟ್ಟ ತೆರಿಗೆಯನ್ನು ಕಳೆಯುವ ಹಕ್ಕು ಹೋಯಿತು. ಹೊರದೇಶದಿಂದ ತಯಾರಾಗಿ ಬರುವ ನ್ಯಾಪ್‌ಕಿನ್ನಿಗೆ ಈ ಹೊರೆಯಿಲ್ಲ: ಅದು ರಫ್ತಾಗುವಾಗ ತನ್ನ ದೇಶದಲ್ಲಿ ತೆರಿಗೆ ವಾಪಸು ಪಡೆದಿರುತ್ತದೆ, ಇಲ್ಲಿ ಬಂದಿಳಿದಾಗ ಜಿಎಸ್‌ಟಿಯೂ ಬೀಳುವುದಿಲ್ಲ. ಹೆಣ್ಣುಮಕ್ಕಳಿಗೆಂದು ಮಾಡಿದ ಉಪಕಾರದಲ್ಲಿ ಒಂದು ಪಾಲು ವಿದೇಶಿ ತಯಾರಕರ ಪಾಲಾಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳಿಗೆ ಕೊಟ್ಟ ವಿನಾಯಿತಿಯಲ್ಲೂ ಇದೇ ಒಳಸುಳಿಯಿದೆ. ಪ್ರೀಮಿಯಂ ಮೇಲಿನ ಶೇ 18 ಹೋಯಿತು, ನಿಜ. ಕಚೇರಿ ಬಾಡಿಗೆ, ಏಜೆಂಟರ ಕಮಿಷನ್ ಮೊದಲಾದವುಗಳ ಮೇಲೆ ಕಂಪನಿ ಕೊಡುವ ತೆರಿಗೆಗೆ ಜಮೆ ಇಲ್ಲದಾಯಿತು. ಅದನ್ನು ಕಂಪನಿ ನುಂಗಿಕೊಳ್ಳಬೇಕು, ಇಲ್ಲವೇ ಪ್ರೀಮಿಯಂಗೆ ಸೇರಿಸಬೇಕು. ಹೊರಗೆ ಕಾಣುವ ತೆರಿಗೆ ಸೊನ್ನೆಯಾದರೂ ಒಳಗಿನದು ಸೊನ್ನೆಯಾಗುವುದಿಲ್ಲ.

ದರಗಳ ಸಂಖ್ಯೆ ಹೆಚ್ಚಾದಷ್ಟೂ ಯಾವುದು ಯಾವ ಪಟ್ಟಿಗೆ ಸೇರಬೇಕೆಂಬ ಜಗಳ ಹೆಚ್ಚು. ಬೆಂಗಳೂರಿನ ಒಂದು ಸಿದ್ಧ ಆಹಾರ ಕಂಪನಿ ತನ್ನ ಪರೋಟಾ ಕೂಡ ರೊಟ್ಟಿಯ ಬಳಗದ್ದೇ, ಶೇ 5 ಸಾಕು ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಹೋಗಿತ್ತು. ಪರೋಟಾ ತಿನ್ನುವ ಮುಂಚೆ ಮತ್ತೆ ಬಿಸಿ ಮಾಡಬೇಕು, ಆದ್ದರಿಂದ ಅದು ರೊಟ್ಟಿಯಲ್ಲ, ಶೇ 18 ಎಂದು ಪ್ರಾಧಿಕಾರ 2020ರಲ್ಲಿ ತೀರ್ಪಿತ್ತು. ದೇಶವೆಲ್ಲ ನಕ್ಕಿತು. ನಗುವಿನ ಹಿಂದೆ ಗಂಭೀರ ವಿಷಯವೊಂದಿದೆ. ಬ್ರಿಟನ್ನಿನಲ್ಲೂ 1991ರಲ್ಲಿ ಜಾಫಾ ಕೇಕ್ ಎಂಬ ತಿನಿಸು ಕೇಕೋ ಬಿಸ್ಕತ್ತೋ ಎಂದು ನ್ಯಾಯಮಂಡಳಿಯಲ್ಲಿ ವಾದ ನಡೆದು, ಕೇಕ್ ಎಂದು ತೀರ್ಮಾನವಾದದ್ದರಿಂದ ಅದಕ್ಕೆ ಸೊನ್ನೆ ದರ ಉಳಿಯಿತು. ಒಳ್ಳೆಯ ತಿನಿಸು ಮಾಡುವುದಕ್ಕೆ ಹೋಗಬೇಕಾದ ಬುದ್ಧಿ ತಿನಿಸಿಗೆ ಹೆಸರಿಡುವುದಕ್ಕೆ ಹೋಗುತ್ತದೆ. ವಕೀಲರ ಬಲವಿರುವ ಕಂಪನಿಗೆ ಲಾಭ, ಬೀದಿಬದಿಯ ತಯಾರಕನಿಗೆ ನಷ್ಟ. ಭಾರತ 2025ರ ಸೆಪ್ಟೆಂಬರ್‌ನಲ್ಲಿ 5, 12, 18, 28 ಎಂಬ ನಾಲ್ಕು ದರಗಳನ್ನು ಮುಖ್ಯವಾಗಿ 5 ಮತ್ತು 18ಕ್ಕೆ ಇಳಿಸಿ, ಐಷಾರಾಮಿ ಹಾಗೂ ಹಾನಿಕರ ವಸ್ತುಗಳಿಗೆ 40 ಇಟ್ಟಿತು. ಪರೋಟಾವೂ ರೊಟ್ಟಿಯೂ ಒಟ್ಟಿಗೆ ತೆರಿಗೆಯಿಲ್ಲದ ಪಟ್ಟಿಗೆ ಬಂದವು. ಜಗಳ ತೀರಿದ್ದು ವ್ಯಾಖ್ಯಾನದಿಂದಲ್ಲ, ದರಗಳ ಅಂತರ ಅಳಿದದ್ದರಿಂದ.

ದರ ಇಳಿಸಿದರೆ ಬೆಲೆ ಇಳಿಯುತ್ತದೆ, ಬೇಡಿಕೆ ಕುದುರುತ್ತದೆ ಎಂಬ ನಂಬಿಕೆಯನ್ನೂ ಒರೆಗೆ ಹಚ್ಚಬೇಕು. ಫ್ರಾನ್ಸ್ 2009ರಲ್ಲಿ ರೆಸ್ಟೋರೆಂಟ್ ಊಟದ ಮೇಲಿನ ವ್ಯಾಟನ್ನು ಶೇ 19.6ರಿಂದ 5.5ಕ್ಕೆ ತಂದಿತು. ಅರ್ಥಶಾಸ್ತ್ರಜ್ಞರಾದ ಯೂಸುಫ್ ಬೆಂಜಾರ್ತಿ ಮತ್ತು ಡೊರಿಯನ್ ಕಾರ್ಲೊನಿ ಅದರ ಫಲವನ್ನು ಅಳೆದಾಗ ಅರ್ಧಕ್ಕಿಂತ ಹೆಚ್ಚು ಪಾಲು ಮಾಲೀಕರಿಗೆ ಸಿಕ್ಕಿತ್ತು, ಗ್ರಾಹಕರಿಗೆ ದಕ್ಕಿದ್ದು ಎಲ್ಲರಿಗಿಂತ ಕಡಿಮೆ. ಫಿನ್ಲೆಂಡ್ ಕ್ಷೌರದಂಗಡಿಗಳಿಗೆ 2007ರಲ್ಲಿ ದರ ಇಳಿಸಿ 2012ರಲ್ಲಿ ಮತ್ತೆ ಏರಿಸಿತು. ಇಳಿಸಿದಾಗ ಬೆಲೆ ಇಳಿದದ್ದಕ್ಕಿಂತ ಏರಿಸಿದಾಗ ಏರಿದ್ದು ಬಹಳ ಹೆಚ್ಚು. ನಮ್ಮಲ್ಲಿ 2017ರ ನವೆಂಬರ್‌ನಲ್ಲಿ ಹೋಟೆಲುಗಳ ತೆರಿಗೆಯನ್ನು ಶೇ 12 ಮತ್ತು 18ರಿಂದ 5ಕ್ಕೆ ಇಳಿಸಿ, ಜೊತೆಗೇ ಅವರ ಹೂಡುವಳಿ ಜಮೆಯನ್ನು ಕಿತ್ತುಕೊಂಡರು. ಗ್ಯಾಸ್, ಬಾಡಿಗೆ, ಪಾತ್ರೆಗಳ ಮೇಲಿನ ತೆರಿಗೆ ಈಗ ಖರ್ಚಿನ ಬಾಬತ್ತು. ಬಿಲ್ಲಿನ ಕೆಳಗಿನ ತೆರಿಗೆ ಸಣ್ಣದಾಯಿತು, ಮೆನುವಿನ ಬೆಲೆ ದೊಡ್ಡದಾಯಿತು ಎಂಬ ದೂರುಗಳು ಲಾಭಕೋರತನ ತಡೆ ಪ್ರಾಧಿಕಾರದ ವರೆಗೂ ಹೋದವು. ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವವನಿಗೆ ಶೇಕಡಾವಾರು ಲೆಕ್ಕ ಬೇಕಿಲ್ಲ. ಪ್ಲೇಟಿನ ಬೆಲೆ ಇಳಿಯಿತೇ ಎಂಬುದಷ್ಟೇ ಅವನ ಪ್ರಶ್ನೆ.

ಇಲ್ಲಿ ಏಳುವ ಬಲವಾದ ಆಕ್ಷೇಪ ಬಡವರ ಪರವಾದದ್ದು. ಬಡವ ತನ್ನ ಆದಾಯವನ್ನೆಲ್ಲ ಖರ್ಚು ಮಾಡುತ್ತಾನೆ, ಸಿರಿವಂತ ಒಂದು ಪಾಲನ್ನು ಉಳಿಸುತ್ತಾನೆ. ಹಾಗಾಗಿ ಬಳಕೆಯ ತೆರಿಗೆ ಆದಾಯದ ಲೆಕ್ಕದಲ್ಲಿ ಬಡವನನ್ನೇ ಹೆಚ್ಚು ಹಿಂಡುತ್ತದೆ. ಅಕ್ಕಿ, ಹಾಲು, ತರಕಾರಿಗೂ ತೆರಿಗೆ ಹಾಕಿ ಎಂದರೆ ಅದು ಕ್ರೌರ್ಯವಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಉತ್ತರ ಎರಡು ಮೆಟ್ಟಿಲುಗಳಲ್ಲಿದೆ. ಮೊದಲನೆಯದು, ಬಡ ದೇಶಗಳಲ್ಲಿ ಬಡವರು ಕೊಳ್ಳುವುದು ಬಹುತೇಕ ಸಂತೆಯಲ್ಲಿ, ತಳ್ಳುಗಾಡಿಯಲ್ಲಿ, ನೋಂದಣಿಯಿಲ್ಲದ ಪೆಟ್ಟಿಗೆ ಅಂಗಡಿಯಲ್ಲಿ. ಸೂಪರ್ ಮಾರ್ಕೆಟ್ಟಿಗೆ ಹೋಗುವವರು ಉಳ್ಳವರು. ಅರ್ಥಶಾಸ್ತ್ರಜ್ಞರಾದ ಪಿಯರ್ ಬಾಷಾಸ್, ಲೂಸಿ ಗದೆನ್, ಆಂಡರ್ಸ್ ಜೆನ್ಸನ್ ಅನೇಕ ದೇಶಗಳ ಕುಟುಂಬ ವೆಚ್ಚದ ದಾಖಲೆಗಳಿಂದ ಇದನ್ನೇ ತೋರಿಸಿದ್ದಾರೆ: ಅನೌಪಚಾರಿಕ ಅಂಗಡಿಗಳಿಂದಾಗಿ ಬಳಕೆಯ ತೆರಿಗೆಯ ಭಾರ ತಾನಾಗಿ ಮೇಲ್ವರ್ಗದ ಕಡೆ ವಾಲುತ್ತದೆ. ಎರಡನೆಯದು, ಆಹಾರಕ್ಕೆ ಕೊಟ್ಟ ವಿನಾಯಿತಿಯಲ್ಲಿ ರೂಪಾಯಿ ಲೆಕ್ಕದಲ್ಲಿ ಹೆಚ್ಚು ಪಡೆಯುವವನು ಹೆಚ್ಚು ತಿನ್ನುವ, ದುಬಾರಿಯದನ್ನು ತಿನ್ನುವ ಸಿರಿವಂತ. ನ್ಯೂಜಿಲೆಂಡ್ 1986ರಲ್ಲಿ ಆಹಾರವನ್ನೂ ಬಿಡದೆ ಬಹುತೇಕ ಎಲ್ಲದರ ಮೇಲೂ ಒಂದೇ ದರ, ಶೇ 10, ಹಾಕಿತು. ಕಡಿಮೆ ಆದಾಯದವರಿಗೆ ನಗದು ನೆರವನ್ನು ಹೆಚ್ಚಿಸಿತು. ದರ ಇಂದು ಶೇ 15. ಆದರೆ ಈ ಮಾತನ್ನು ಭಾರತಕ್ಕೆ ಹಾಗೆಯೇ ಎತ್ತಿಡುವುದು ದುಡುಕು. ನಗದು ನೆರವು ನಿಜವಾಗಿ ತಲುಪುತ್ತದೆಂಬ ಭರವಸೆ ಇಲ್ಲದ ಕಡೆ, ರೈತ ನೇರ ಮಾರುವ ತರಕಾರಿ, ಹಾಲು, ಧಾನ್ಯಗಳನ್ನು ಹೊರಗಿಡುವುದು ಸರಿಯಾದದ್ದೇ. ಅಲ್ಲಿ ಸರಪಳಿ ಇನ್ನೂ ಶುರುವೇ ಆಗಿರುವುದಿಲ್ಲ. ಅಲ್ಲಿಂದ ಆಚೆಗೆ ಪ್ರತಿ ವಿನಾಯಿತಿಯೂ ತನ್ನ ಅಗತ್ಯವನ್ನು ಸಾಬೀತು ಮಾಡಬೇಕು.

ಸಣ್ಣ ವ್ಯಾಪಾರಿಗೆ ಕೊಡುವ ಮಿತಿಯೂ ಒಂದು ಬಗೆಯ ರಿಯಾಯಿತಿಯೇ. ವರ್ಷಕ್ಕೆ ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ವಹಿವಾಟು ಮೀರದಿದ್ದರೆ ಕರ್ನಾಟಕದಲ್ಲಿ ನೋಂದಣಿ ಬೇಕಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಪಾವತಿಯ ದಾಖಲೆ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರೆಗೆ ಸಾವಿರಾರು ಮಂದಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕೆಳಗಿಳಿದು ‘ನಗದು ಮಾತ್ರ’ ಎಂಬ ಚೀಟಿ ಮೇಲೇರಿತು. ತರಕಾರಿ, ಹಾಲಿನಂಥ ವಿನಾಯಿತಿ ಸರಕು ಮಾರಿದವರ ವಹಿವಾಟನ್ನೂ ನೋಟಿಸಿನಲ್ಲಿ ಎಣಿಸಿದ್ದು ಗೊಂದಲವನ್ನು ಹೆಚ್ಚಿಸಿತು. ಮಿತಿಯ ಇತ್ತಕಡೆ ಏನೂ ಇಲ್ಲ, ಅತ್ತಕಡೆ ಎಲ್ಲವೂ ಎಂಬ ಗೋಡೆ ಇದ್ದರೆ ಜನ ಗೋಡೆಯ ಇತ್ತಲೇ ಉಳಿಯಲು ನೋಡುತ್ತಾರೆ. ಬೆಳೆಯಬಹುದಾದ ಅಂಗಡಿ ಬೆಳೆಯದೆ ನಿಲ್ಲುತ್ತದೆ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗೆ ಶೇ 1 ಕಟ್ಟಿ ಮುಗಿಸುವ ರಾಜಿ ತೆರಿಗೆ ಪದ್ಧತಿ ಮೆಟ್ಟಿಲಿನಂತೆ ಕಂಡರೂ ಅವನಿಂದ ಕೊಂಡವನಿಗೆ ಜಮೆ ಸಿಗುವುದಿಲ್ಲ. ಹಾಗಾಗಿ ದೊಡ್ಡ ಖರೀದಿದಾರರು ಅವನತ್ತ ಸುಳಿಯುವುದಿಲ್ಲ. ಇನ್ನು ನೋಂದಣಿಯಾದ ಸಣ್ಣ ಘಟಕದ ಕಷ್ಟ ಬೇರೆ. ಪೀಣ್ಯದಲ್ಲಿ ಜಾಬ್ ವರ್ಕ್ ಮಾಡುವವನಿಗೆ ಹಣ ಕೈಸೇರುವುದು ತಿಂಗಳುಗಳ ಮೇಲೆ, ತೆರಿಗೆ ಕಟ್ಟಬೇಕಾದದ್ದು ಬಿಲ್ ಹಾಕಿದ ಮುಂದಿನ ತಿಂಗಳು. ಅವನಿಗೆ ಬೇಕಾದದ್ದು ವಿನಾಯಿತಿಯಲ್ಲ, ದೊಡ್ಡವರಿಂದ ಸಕಾಲ ಪಾವತಿ.

ಆದಾಯ ತೆರಿಗೆಯ ಕಡೆಯ ರಿಯಾಯಿತಿಗಳಲ್ಲಿ ಸರಪಳಿ ಕಳಚುವ ಮಾತಿಲ್ಲ, ಕಣ್ಣಿಗೆ ಕಾಣದ ಖರ್ಚಿನ ಮಾತಿದೆ. ಅಮೆರಿಕದ ಖಜಾನೆ ಇಲಾಖೆಯಲ್ಲಿದ್ದ ಸ್ಟ್ಯಾನ್ಲಿ ಸರ್ರಿ 1967ರಲ್ಲಿ ಇದಕ್ಕೆ ‘ತೆರಿಗೆ ವೆಚ್ಚ’ ಎಂಬ ಹೆಸರನ್ನಿಟ್ಟರು. ನೂರು ರೂಪಾಯಿ ಸಹಾಯಧನ ಕೊಡುವುದಕ್ಕೂ ನೂರು ರೂಪಾಯಿ ತೆರಿಗೆ ಬಿಡುವುದಕ್ಕೂ ಬೊಕ್ಕಸದ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಮೊದಲನೆಯದಕ್ಕೆ ಶಾಸನಸಭೆ ಪ್ರತಿ ವರ್ಷ ಒಪ್ಪಿಗೆ ಕೊಡಬೇಕು, ಎರಡನೆಯದು ಒಮ್ಮೆ ಕಾನೂನಾದರೆ ಕೇಳುವವರಿಲ್ಲ. ಭಾರತದ ಕೇಂದ್ರ ಬಜೆಟ್ 2006–07ರಿಂದ ಹೀಗೆ ಬಿಟ್ಟುಕೊಟ್ಟ ರಾಜಸ್ವದ ಪಟ್ಟಿಯನ್ನು ಕೊಡುತ್ತಿರುವುದು ಮೆಚ್ಚತಕ್ಕ ಕೆಲಸ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮವನ್ನು ತೆರಿಗೆ ರಜೆಯ ಗೆಲುವಿಗೆ ಉದಾಹರಣೆಯಾಗಿ ತೋರಿಸುವವರಿದ್ದಾರೆ. ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಯೋಜನೆ 1991ರಲ್ಲಿ ಬಂತು, ರಫ್ತಿನ ಲಾಭಕ್ಕೆ ಆದಾಯ ತೆರಿಗೆಯಿರಲಿಲ್ಲ ಎಂಬುದು ನಿಜ. ಆದರೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಈ ಊರಿಗೆ ಬಂದದ್ದು 1985ರಲ್ಲಿ. ಪಾರ್ಕುಗಳ ಯೋಜನೆಯಲ್ಲಿ ತೆರಿಗೆ ರಜೆಯ ಜೊತೆಗೆ ಉಪಗ್ರಹ ಸಂಪರ್ಕವೂ ಇತ್ತು, ಸುಂಕವಿಲ್ಲದೆ ಯಂತ್ರ ತರಿಸುವ ಅವಕಾಶವೂ ಇತ್ತು. ಎಂಜಿನಿಯರಿಂಗ್ ಕಾಲೇಜುಗಳೂ ಸಾರ್ವಜನಿಕ ವಲಯದ ಕಾರ್ಖಾನೆಗಳೂ ಅದಕ್ಕೂ ಮುಂಚೆ ಕಟ್ಟಿದ ನೆಲೆಯಿತ್ತು. ಪಾರ್ಕುಗಳ ತೆರಿಗೆ ರಜೆ 2011ರ ಮಾರ್ಚ್‌ಗೆ ಮುಗಿದಾಗ ಉದ್ಯಮ ಗಂಟುಮೂಟೆ ಕಟ್ಟಲಿಲ್ಲ. ಕಂಪನಿಗಳು ಹೊಸ ಕಟ್ಟಡಗಳನ್ನು ವಿಶೇಷ ಆರ್ಥಿಕ ವಲಯಗಳಲ್ಲಿ ಎಬ್ಬಿಸಿದವು, ಏಕೆಂದರೆ ಅಲ್ಲಿ ಇನ್ನೊಂದು ರಜೆ ಕಾದಿತ್ತು. ಊರು ಬದಲಾಗಲಿಲ್ಲ, ವಿಳಾಸ ಬದಲಾಯಿತು.

ಈ ವಾದಕ್ಕೆ ಎದುರಾದ ಸಾಕ್ಷ್ಯವನ್ನು ಮುಚ್ಚಿಡುವುದು ಸರಿಯಲ್ಲ. ಕೇಂದ್ರ ಸರ್ಕಾರ 2003ರಲ್ಲಿ ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡದ ಹೊಸ ಕಾರ್ಖಾನೆಗಳಿಗೆ ಹತ್ತು ವರ್ಷ ಅಬಕಾರಿ ಸುಂಕದ ವಿನಾಯಿತಿಯನ್ನೂ ಆದಾಯ ತೆರಿಗೆಯ ರಿಯಾಯಿತಿಯನ್ನೂ ಘೋಷಿಸಿತು. ಹಿಮಾಚಲದ ಬದ್ದಿ ಔಷಧ ತಯಾರಿಕೆಯ ದೊಡ್ಡ ಕೇಂದ್ರವಾದದ್ದು ಹೀಗೆ. ಅರ್ಥಶಾಸ್ತ್ರಜ್ಞ ರಿತಮ್ ಚೌರೆ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ರಾಜ್ಯಗಳಲ್ಲಿ ಉದ್ಯೋಗ, ಉತ್ಪಾದನೆ, ಕಾರ್ಖಾನೆಗಳ ಸಂಖ್ಯೆ ಮೂರೂ ಗಣನೀಯವಾಗಿ ಏರಿದ್ದವು; ಬೇರೆ ಕಡೆಯಿಂದ ಕಾರ್ಖಾನೆಗಳು ಕಿತ್ತು ಬಂದದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ; ಆದ ಖರ್ಚಿಗೆ ಸಿಕ್ಕ ಫಲ ಸಾಕಷ್ಟಿತ್ತು ಎಂಬ ತೀರ್ಮಾನವೂ ಬಂತು. ಅಂದರೆ ರಿಯಾಯಿತಿ ಕೆಲಸ ಮಾಡುವುದೇ ಇಲ್ಲ ಎನ್ನುವುದು ತಪ್ಪು. ಉದ್ಯಮವೇ ಇಲ್ಲದ ಬೆಟ್ಟದ ನಾಡಿಗೆ, ದೊಡ್ಡ ಮೊತ್ತದಲ್ಲಿ, ಗೊತ್ತಾದ ಅವಧಿಗೆ ಕೊಟ್ಟ ನೆರವು ಫಲ ಕೊಟ್ಟಿದೆ. ಅದನ್ನು ತೆರಿಗೆಯಲ್ಲಿ ರಂಧ್ರ ಕೊರೆದೇ ಕೊಡಬೇಕಿತ್ತೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅದಕ್ಕೆ ಉತ್ತರವನ್ನು ಸರ್ಕಾರವೇ ಕೊಟ್ಟಿತು. ಜಿಎಸ್‌ಟಿಯಲ್ಲಿ ಒಂದು ಪ್ರದೇಶಕ್ಕೆ ಮಾತ್ರ ವಿನಾಯಿತಿ ಕೊಟ್ಟರೆ ಸರಪಳಿ ಉಳಿಯುವುದಿಲ್ಲವಾದ್ದರಿಂದ 2017ರಲ್ಲಿ ಈ ಕಾರ್ಖಾನೆಗಳೂ ಎಲ್ಲರಂತೆ ತೆರಿಗೆ ಕಟ್ಟಬೇಕಾಯಿತು. ಹಳೆಯ ಮಾತನ್ನು ಉಳಿಸಿಕೊಳ್ಳಲು, ಅವು ನಗದಾಗಿ ಕಟ್ಟಿದ ಕೇಂದ್ರ ಜಿಎಸ್‌ಟಿಯಲ್ಲಿ ಶೇ 58, ಅಂತರರಾಜ್ಯ ಜಿಎಸ್‌ಟಿಯಲ್ಲಿ ಶೇ 29 ಭಾಗವನ್ನು ಬಜೆಟ್ಟಿನಿಂದ ಮರಳಿಸುವ ಯೋಜನೆ ಬಂತು. 2027ರ ಜೂನ್ ವರೆಗಿನ ಹತ್ತು ವರ್ಷಕ್ಕೆ, ಇಂಥ ವಿನಾಯಿತಿ ಪಡೆದಿದ್ದ ಎಲ್ಲ ರಾಜ್ಯಗಳನ್ನೂ ಸೇರಿಸಿ ಇಟ್ಟ ಮೊತ್ತ 27,413 ಕೋಟಿ ರೂಪಾಯಿ. ಅದೇ ನೆರವಿಗೆ ಈಗ ಒಂದು ಅಂಕಿಯಿದೆ, ಒಂದು ಕೊನೆಯ ದಿನವಿದೆ.

2019ರ ಸೆಪ್ಟೆಂಬರ್ 20ರಂದು ಘೋಷಿಸಿದ ಕಂಪನಿ ತೆರಿಗೆ ಕಡಿತದಲ್ಲೂ ಈ ದಿಕ್ಕು ಕಾಣುತ್ತದೆ. ದರ ಶೇ 30ರಿಂದ 22ಕ್ಕೆ, ಹೊಸ ತಯಾರಿಕಾ ಕಂಪನಿಗೆ 15ಕ್ಕೆ ಇಳಿಯಿತು. ವರ್ಷಕ್ಕೆ 1.45 ಲಕ್ಷ ಕೋಟಿ ವರಮಾನ ಹೋಗಬಹುದೆಂದು ಸರ್ಕಾರವೇ ಅಂದಾಜಿಸಿತು. ಆದರೆ ಹೊಸ ದರ ಬೇಕೆನ್ನುವವರು ಹಳೆಯ ವಿನಾಯಿತಿಗಳನ್ನು ಬಿಡಬೇಕು. ಇದರ ಬೆನ್ನಿಗೇ ಕೋವಿಡ್ ಬಂದದ್ದರಿಂದ ಹೂಡಿಕೆಯ ಮೇಲಿನ ಫಲವನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಕಡಿತದಿಂದಲೇ ಕಾರ್ಖಾನೆಗಳು ಎದ್ದವು ಎನ್ನುವವರೂ ಏನೂ ಆಗಲಿಲ್ಲ ಎನ್ನುವವರೂ ತುಸು ಅವಸರದವರೇ. 2020ರಲ್ಲಿ ಶುರುವಾದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ 14 ವಲಯಗಳಿಗೆ ಸುಮಾರು 1.97 ಲಕ್ಷ ಕೋಟಿಯನ್ನು ಬಜೆಟ್ಟಿನಿಂದ ಮೀಸಲಿಟ್ಟಿತು; ಸರಕು ತಯಾರಾಗಿ ಮಾರಾಟವಾದ ಮೇಲೆಯೇ ಹಣ. ಹೊರಗಿನಿಂದಲೂ ಇದೇ ಒತ್ತಡ ಬರುತ್ತಿದೆ: 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದ ಶೇ 15ರ ಜಾಗತಿಕ ಕನಿಷ್ಠ ತೆರಿಗೆ ಜಾರಿಯಾದ ಕಡೆ, ಒಂದು ದೇಶ ಬಹುರಾಷ್ಟ್ರೀಯ ಕಂಪನಿಗೆ ಬಿಟ್ಟುಕೊಟ್ಟ ತೆರಿಗೆಯನ್ನು ಇನ್ನೊಂದು ದೇಶ ವಸೂಲಿ ಮಾಡಬಹುದು.

ಉದ್ಯಮಿಗಳ ಆಕ್ಷೇಪವೊಂದು ಉಳಿದಿದೆ, ಅದು ಹಗುರವಾದುದಲ್ಲ. ತೆರಿಗೆ ವಿನಾಯಿತಿ ಕಾನೂನಿನಲ್ಲಿರುತ್ತದೆ, ಯಾರ ಕೃಪೆಯೂ ಬೇಡ. ಸಹಾಯಧನಕ್ಕಾದರೋ ಕಡತದ ಹಿಂದೆ ಅಲೆಯಬೇಕು, ಹಣಕಾಸು ಇಲಾಖೆ ಹಣವಿಲ್ಲವೆಂದರೆ ಕಾಯಬೇಕು. ರಫ್ತುದಾರರು ಜಿಎಸ್‌ಟಿ ಬಂದ ಮೊದಲ ತಿಂಗಳುಗಳಲ್ಲಿ ತಮ್ಮದೇ ಹಣದ ಮರುಪಾವತಿಗೆ ಕಾದು ದುಡಿಯುವ ಬಂಡವಾಳಕ್ಕೆ ಪರದಾಡಿದ್ದು ಇದಕ್ಕೆ ಸಾಕ್ಷಿ. ಆಕ್ಷೇಪ ಸರಿ, ಅದರಿಂದ ಹೊರಡುವ ತೀರ್ಮಾನ ತಪ್ಪು. ಹಣ ತಡವಾಗುತ್ತದೆ ಎಂಬುದು ಆಡಳಿತದ ರೋಗ, ಅದಕ್ಕೆ ಗಡುವು, ಬಡ್ಡಿ, ಆನ್‌ಲೈನ್ ವಿಲೇವಾರಿ ಎಂಬ ಮದ್ದುಗಳಿವೆ. ಕಾನೂನಿನಲ್ಲಿ ಬೇರುಬಿಟ್ಟ ವಿನಾಯಿತಿಯಿಂದ ಲಾಭ ಪಡೆದವರು ಅದನ್ನು ಉಳಿಸಿಕೊಳ್ಳಲು ದೆಹಲಿಯಲ್ಲಿ ಕಾದು ಕೂರುತ್ತಾರೆ, ಅದಕ್ಕೆ ಮದ್ದು ಸುಲಭವಲ್ಲ.

ಈ ಎಲ್ಲ ಚರ್ಚೆಯ ಆಚೆ ಭಾರತದ ಅತಿ ದೊಡ್ಡ ಕಳಚಿದ ಕೊಂಡಿ ಹಾಗೆಯೇ ಇದೆ. ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ನೈಸರ್ಗಿಕ ಅನಿಲ, ವಿಮಾನ ಇಂಧನ ಈ ಐದೂ ಜಿಎಸ್‌ಟಿಯ ಹೊರಗಿವೆ. ಕುಡಿಯುವ ಮದ್ಯವೂ ಹೊರಗಿದೆ, ಅದರ ಮಾತು ಬೇರೆ. ರಾಜ್ಯಗಳಿಗೆ ತಮ್ಮ ಇಚ್ಛೆಯಂತೆ ಏರಿಸಿ ಇಳಿಸಲು ಉಳಿದಿರುವ ಕೆಲವೇ ತೆರಿಗೆಗಳಲ್ಲಿ ಇಂಧನದ್ದೊಂದು. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲಿನದನ್ನು ಶೇ 14.3ರಿಂದ 18.4ಕ್ಕೆ ಏರಿಸಿತು. ಡೀಸೆಲಿಗೆ ಲಾರಿ ಮಾಲೀಕ ಕೊಡುವ ಈ ತೆರಿಗೆಗೂ ಕೇಂದ್ರದ ಅಬಕಾರಿ ಸುಂಕಕ್ಕೂ ಯಾವ ಜಮೆಯೂ ಇಲ್ಲ. ಅದು ಬಾಡಿಗೆಗೆ ಸೇರಿ, ಹುಬ್ಬಳ್ಳಿಯಿಂದ ಮಂಗಳೂರಿಗೆ ಹೋಗುವ ಮೆಣಸಿನಕಾಯಿಗೂ ಪೀಣ್ಯದಿಂದ ಚೆನ್ನೈಗೆ ಹೋಗುವ ಯಂತ್ರದ ಬಿಡಿಭಾಗಕ್ಕೂ ಅಂಟಿಕೊಂಡು, ರಫ್ತಾದರೂ ವಾಪಸು ಬಾರದೆ ಬೆಲೆಯೊಳಗೆ ಉಳಿಯುತ್ತದೆ. ಈ ಐದು ಇಂಧನಗಳನ್ನು ಯಾವ ದಿನದಿಂದ ಒಳಗೆ ತರಬೇಕೆಂದು ಶಿಫಾರಸು ಮಾಡುವ ಹೊಣೆಯನ್ನು ಸಂವಿಧಾನದ 279ಎ ವಿಧಿ ಜಿಎಸ್‌ಟಿ ಮಂಡಳಿಗೆ ವಹಿಸಿದೆ. ಮಂಡಳಿ ಆ ದಿನವನ್ನು ಇನ್ನೂ ಗೊತ್ತುಮಾಡಿಲ್ಲ.